ಬೀಗ ತೆಗೆದ ಕೋಣೆ
(ದತ್ತಿ ಉಪನ್ಯಾಸ)



ತಮ್ಮ ಮಾಸ್ತರ ನೆನಪಿಗೆಂದು ಹಳೆಯ ವಿದ್ಯಾರ್ಥಿಗಳು ಕೂಡಿ ಇಟ್ಟ ದತ್ತಿ ಇದು. ಪ್ರೌಢಶಾಲೆಯಲ್ಲಿ 32 ವರ್ಷ ಸಮಾಜ ವಿಜ್ಞಾನ ಕಲಿಸಿ 2025ರಲ್ಲಿ ನಿವೃತ್ತನಾದ ನನ್ನನ್ನು ಕರೆದು, ತರಗತಿ ಮತ್ತು ತಂತ್ರಜ್ಞಾನದ ಬಗ್ಗೆ ಮಾತಾಡಿ ಎಂದಿದ್ದೀರಿ. ಯಾವ ಯಂತ್ರ ಒಳ್ಳೆಯದು, ಯಾವ ಆ್ಯಪ್ ಹಾಕಿಕೊಳ್ಳಬೇಕು ಎಂದು ಹೇಳಲು ನಾನು ಬಂದಿಲ್ಲ. ಒಬ್ಬ ಮಾಸ್ತರು ತನ್ನ ತರಗತಿಯಲ್ಲಿ ಏನೋ ಹೊಸದು ಮಾಡುತ್ತಾರೆ. ಅದು ಪಕ್ಕದ ಊರಿನ ಮಾಸ್ತರಿಗೆ ಹೇಗೆ ಮುಟ್ಟುತ್ತದೆ, ಮುಟ್ಟುವಾಗ ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂಬುದಷ್ಟೇ ನನ್ನ ಮಾತು. ಇದನ್ನು ನಾನು ಕಲಿತದ್ದು ತಡವಾಗಿ, ಒಂದು ತಪ್ಪು ಮಾಡಿದ ಮೇಲೆ.

1975ರಲ್ಲಿ ನನಗೆ ಹತ್ತು ವರ್ಷ. ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿ. ಆ ಆಗಸ್ಟ್‌ನಲ್ಲಿ ಶಾಲೆಯ ಮಾಳಿಗೆಯ ಮೇಲೆ ತಂತಿ ಜಾಲರಿಯ ದೊಡ್ಡ ಛತ್ರಿಯೊಂದು ಅಂಗಾತ ಕೂತಿತು, ಒಳಗೆ ಟಿ.ವಿ. ಬಂತು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ಮತ್ತು ಆಕಾಶವಾಣಿ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ನೆಲದ ಮೇಲೆ ಕೂತು ಕತ್ತು ನೋಯುವವರೆಗೆ ನೋಡುತ್ತಿದ್ದೆವು. ನೀರು ಆವಿಯಾಗುವುದನ್ನು ಯಾರೋ ಅಪರಿಚಿತರು ಕನ್ನಡದಲ್ಲಿ ವಿವರಿಸುತ್ತಿದ್ದರು. ನಮ್ಮ ಮಾಸ್ತರು ಬಾಗಿಲ ಬಳಿ ನಿಂತು ನಮ್ಮ ಜೊತೆಗೇ ನೋಡುತ್ತಿದ್ದರು. ಮರುವರ್ಷ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಛತ್ರಿ ಇತ್ತು, ಚಿತ್ರ ಇರಲಿಲ್ಲ.

ಸೈಟ್ ದೊಡ್ಡ ಕೆಲಸ. ಅದರ ಋಣ ನನ್ನ ಮೇಲಿದೆ. ಆದರೆ ಬಾಗಿಲ ಬಳಿ ನಿಂತ ಆ ಮಾಸ್ತರ ಚಿತ್ರ ನನ್ನನ್ನು ಬಿಟ್ಟಿಲ್ಲ. ಪಾಠ ಆಕಾಶದಿಂದ ಇಳಿಯಿತು, ಅವರು ಅದನ್ನು ಇಳಿಸಿಕೊಂಡರು. ಅದರಲ್ಲಿ ಅವರ ಕೈ ಆಡಲಿಲ್ಲ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ನಮ್ಮ ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. 2017ರಲ್ಲಿ ದೀಕ್ಷಾ ಎಂಬ ಡಿಜಿಟಲ್ ಪಾಠಗಳ ತಾಣ ಬಂತು, ಪಠ್ಯಪುಸ್ತಕದ ಪುಟಗಳ ಮೇಲೆ ಕ್ಯೂಆರ್ ಕೋಡಿನ ಚೌಕಗಳು ಬಂದವು. ಎಲ್ಲವೂ ಬೇಕಾದವೇ. ಆದರೂ ಇವೆಲ್ಲ ಮೇಲಿನಿಂದ ಇಳಿದವು.

ಪಕ್ಕದಿಂದ ಬಂದದ್ದೂ ಒಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮಶಾಲೆಗಳನ್ನು ನೋಡಿ ಬಂದು, ತಾವೇ ಕೂತು ಕಾರ್ಡು ಬರೆದು, ಮಕ್ಕಳು ಆ ಕಾರ್ಡು ಹಿಡಿದು ಕಲಿಯುವ ‘ನಲಿ ಕಲಿ’ ಶುರು ಮಾಡಿದರು. ಅದರಲ್ಲಿ ಕರೆಂಟಿನಿಂದ ನಡೆಯುವುದು ಏನೂ ಇರಲಿಲ್ಲ. ತರಗತಿಯ ತಂತ್ರಜ್ಞಾನದ ಚರಿತ್ರೆ ಬರೆಯುವವರು ಆ ರಟ್ಟಿನ ಕಾರ್ಡುಗಳಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ನಾನಿದ್ದ ಶಾಲೆಗೂ ಕಂಪ್ಯೂಟರ್ ಬಂದವು, ಹತ್ತು. ಬಂದ ದಿನ ತೆಂಗಿನಕಾಯಿ ಒಡೆದೆವು, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದೆವು, ಕೋಣೆಗೆ ಬೀಗ ಹಾಕಿದೆವು. ಕೆಟ್ಟರೆ ಯಾರು ಕಟ್ಟಿಕೊಡಬೇಕು ಎಂಬ ಭಯ ಮುಖ್ಯೋಪಾಧ್ಯಾಯರಿಗಿತ್ತು. ಆ ಭಯ ಸುಳ್ಳಲ್ಲ. ಸಂಬಳದಲ್ಲಿ ಹಿಡಿದಾರೆಂಬ ಅಂಜಿಕೆಯಿಂದ ಬದುಕಿದವರಿಗೆ ಅದು ಗೊತ್ತು. ವಾರಕ್ಕೊಮ್ಮೆ ಬೀಗ ತೆಗೆದು ಧೂಳು ಹೊಡೆಯುತ್ತಿದ್ದೆವು.

ಆ ಬೀಗ ತೆಗೆಸಿದ್ದು ನಮ್ಮ ಗಣಿತದ ಮಾಸ್ತರು. 2011ರ ಆಚೆಗೆ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಾಗಾರಗಳನ್ನು ನಡೆಸಿದವು. ಅಲ್ಲಿಂದ ಅವರು ಜಿಯೋಜೀಬ್ರಾ ಕಲಿತು ಬಂದರು. ಮಾರ್ಕಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದ ತಂತ್ರಾಂಶ ಅದು. ಶಾಲೆಗಳಿಗೆ ಕಾಸು ಬೇಡ.

ಪರದೆ ಇಲ್ಲದ್ದಕ್ಕೆ ಸುಣ್ಣ ಹೊಡೆದ ಗೋಡೆಯ ಮೇಲೇ ತ್ರಿಕೋನ ಬಿತ್ತು. ಮೂರು ಮೂಲೆಗಳಲ್ಲಿ ಮೂರು ಕೋನಗಳ ಅಳತೆ, ಕೆಳಗೆ ಮೊತ್ತ 180. ಮೇಲಿನ ಬಿಂದುವನ್ನು ಮೌಸಿನಿಂದ ಹಿಡಿದು ಎಳೆದಂತೆ ತ್ರಿಕೋನ ಹಿಗ್ಗುತ್ತದೆ, ವಾಲುತ್ತದೆ. ಮೂರು ಅಂಕಿ ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ ಅಲುಗುವುದಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಆ ಬಿಂದುವನ್ನು ಮೆಲ್ಲಗೆ ಕೆಳಗೆ, ಇನ್ನೂ ಕೆಳಗೆ ಎಳೆದು ಪಾದದ ಗೆರೆಗೇ ತಾಗಿಸಿದಳು. ಗೋಡೆಯ ಮೇಲೆ ಒಂದೇ ಗೆರೆ ಉಳಿಯಿತು. ಅಂಕಿಗಳು 180, 0, 0. ‘ಸರ್, ಈಗ ಇದು ತ್ರಿಕೋನ ಹೌದೋ ಅಲ್ಲೋ?’ ಎಂದಳು.

ಇಪ್ಪತ್ತು ವರ್ಷ ಅದೇ ಪ್ರಮೇಯ ಕಲಿಸಿದ ಮಾಸ್ತರು ತಟ್ಟನೆ ಉತ್ತರ ಕೊಡಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ತ್ರಿಕೋನಕ್ಕೆ ಈ ಪ್ರಶ್ನೆ ಹುಟ್ಟಿಸುವ ಶಕ್ತಿ ಇರಲಿಲ್ಲ. ಅದು ಬರೆದಲ್ಲೇ ನಿಂತಿರುತ್ತಿತ್ತು. ಅಂದು ಸಂಜೆ ಅವರು ಕಾರ್ಯಾಗಾರದಲ್ಲಿ ಪರಿಚಯವಾಗಿದ್ದ ಇನ್ನೊಂದು ತಾಲ್ಲೂಕಿನ ಶಿಕ್ಷಕಿಗೆ ಫೋನು ಮಾಡಿದರು. ‘ಬಿಂದುವನ್ನು ಅದೇ ಗೆರೆಯ ಗುಂಟ ಪಾದದ ಆಚೆಗೂ ಎಳೆಸಿ ನೋಡಿ, 180 ಬೇರೆ ಮೂಲೆಗೆ ಜಿಗಿಯುತ್ತದೆ, ಯಾಕೆಂದು ಮಕ್ಕಳನ್ನೇ ಕೇಳಿ’ ಎಂದರಂತೆ ಅವರು. ಮರುದಿನ ಒಂದಿಡೀ ಪಿರಿಯಡ್ಡು ಅದರಲ್ಲೇ ಹೋಯಿತು. ಹಂಚಿಕೊಳ್ಳುವುದು ಎಂದರೆ ನನ್ನ ಮಟ್ಟಿಗೆ ಆ ಫೋನು. ತಯಾರಾದ ಪಾಠವನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟಿದ್ದರೆ ಗೋಡೆಯ ಮೇಲೆ ತ್ರಿಕೋನ ಕುಣಿಯುತ್ತಿತ್ತು, ಆ ಹುಡುಗಿಯ ಪ್ರಶ್ನೆ ಮಾತ್ರ ಅಲ್ಲೇ ಉಳಿದುಬಿಡುತ್ತಿತ್ತು.

ಹಂಚಿಕೊಳ್ಳಲು ಅಕ್ಷರಗಳೇ ಅಡ್ಡ ಬಂದದ್ದನ್ನೂ ಹೇಳಬೇಕು. ನಾವು ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಾಠ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ರಾತ್ರಿಯಿಡೀ ಕೂತು ಬರೆದದ್ದು ಪಕ್ಕದ ಶಾಲೆಗೆ ಮುಟ್ಟುವಷ್ಟರಲ್ಲಿ ಕನ್ನಡವಾಗಿ ಉಳಿದಿರುತ್ತಿರಲಿಲ್ಲ. ಯುನಿಕೋಡಿಗೆ ಬಂದ ಮೇಲೆಯೇ ನಮ್ಮ ಕನ್ನಡ ಊರಿಂದೂರಿಗೆ ಹೋದದ್ದು, ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ದಂಥ ಕಡೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ ಬೆಳೆಸಲು ಆದದ್ದು.

ಇನ್ನು ಕಥೆಯ ವಿಷಯ. ಡಿಜಿಟಲ್ ಕಥನ ಎಂಬ ಹೆಸರು ದೊಡ್ಡದು, ಕೆಲಸ ಸಣ್ಣದು. ಅಮೆರಿಕದ ಡೇನಾ ಆ್ಯಚ್ಲಿ ಎಂಬ ಕಲಾವಿದರು ರಂಗದ ಮೇಲೆ ಬೆಂಕಿಯ ಚಿತ್ರವಿಟ್ಟುಕೊಂಡು, ತಮ್ಮ ಮನೆಯ ಹಳೆಯ ಫೋಟೊ, ಫಿಲ್ಮುಗಳನ್ನು ತೋರಿಸುತ್ತಾ ಸ್ವಂತ ಕಥೆ ಹೇಳುತ್ತಿದ್ದರು. ಅವರ ಜೊತೆ ಜೋ ಲ್ಯಾಂಬರ್ಟ್, ನೀನಾ ಮುಲ್ಲೆನ್ ಕೂಡಿ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇಂದ್ರವೊಂದನ್ನು ತೆರೆದು ಸಾಮಾನ್ಯ ಜನರಿಗೆ ಇದನ್ನು ಕಲಿಸತೊಡಗಿದರು. ಎಲ್ಲರೂ ದುಂಡಗೆ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳಬೇಕು. ಆಮೇಲೆ ಅದನ್ನು ಒಂದು ಪುಟಕ್ಕೆ ಇಳಿಸಿ, ತನ್ನದೇ ದನಿಯಲ್ಲಿ ಓದಿ, ಕೆಲವು ಚಿತ್ರ ಸೇರಿಸಿದರೆ ಎರಡು ಮೂರು ನಿಮಿಷದ ಕಥೆ. 2001ರಿಂದ ಬಿಬಿಸಿ ವೇಲ್ಸಿನಲ್ಲಿ ಊರೂರಿಗೆ ಹೋಗಿ ಇದನ್ನೇ ಮಾಡಿಸಿತು, ಇಂಗ್ಲಿಷಿನಲ್ಲೂ ವೆಲ್ಷ್ ಭಾಷೆಯಲ್ಲೂ. ವೆಲ್ಷ್‌ನಲ್ಲೂ ಎಂಬ ಮಾತನ್ನು ಓದಿದಾಗಲೇ ನಾನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಿತ್ತು.

ನಮಗೆ ಇದು ಒದಗಿ ಬಂದದ್ದು ಕೋವಿಡ್ಡಿನ ಮೇಲೆ. 2020ರಲ್ಲಿ ಚಂದನ ಟಿ.ವಿ.ಯಲ್ಲಿ ಪಾಠ ಬರುತ್ತಿತ್ತು, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ‘ವಿದ್ಯಾಗಮ’ದಲ್ಲಿ ಗುಡಿಯ ಕಟ್ಟೆ, ಬೇವಿನ ಮರದ ನೆರಳಿಗೆ ನಾವು ಹೋದೆವು. ಮನೆಗೊಂದೇ ಫೋನು, ಅದೂ ಅಪ್ಪ ದುಡಿದು ಬಂದ ಮೇಲೆ ರಾತ್ರಿ ಸಿಗುವಂಥದ್ದು. ಹತ್ತು ಗಂಟೆಗೆ ನನಗೆ ಮಕ್ಕಳ ಧ್ವನಿ ಸಂದೇಶಗಳು ಬರುತ್ತಿದ್ದವು. ಉತ್ತರ ಹೇಳುವ ನೆಪದಲ್ಲಿ ಏನೇನೋ ಹೇಳುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳೂ ಹೇಳಿದರು.

ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಯಲ್ಲಿ ಶುರು ಮಾಡಿದೆ. ಒಂದು ಫೋನು, ಧ್ವನಿ ತಿದ್ದಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ. ಮೊದಲ ದಿನವೇ ಸೋತೆವು: ಫ್ಯಾನಿನ ಸದ್ದು, ರಸ್ತೆಯ ಟ್ರ್ಯಾಕ್ಟರ್, ಬರೀ ಗೋಡೆಗಳ ಕೋಣೆಯ ಮಾರ್ದನಿ. ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ಕೂತು ಮಾಡಿ ನೋಡಿ ಎಂದವರು ಅಡುಗೆಯ ಅಕ್ಕ. ಸುತ್ತ ಮೂಟೆಗಳು ಸದ್ದನ್ನೆಲ್ಲ ಕುಡಿದುಬಿಟ್ಟವು. ಮಗುವಿನ ಉಸಿರು ಸಹ ಕೇಳಿಸುವಷ್ಟು ಸ್ಪಷ್ಟ. ದನಿ ಮೊದಲು, ಚಿತ್ರ ಆಮೇಲೆ ಎಂಬುದನ್ನೂ ಸೋತೇ ಕಲಿತೆವು. ಚಿತ್ರ ಮೊದಲು ಆರಿಸಿದ ಮಕ್ಕಳ ಕಥೆಗಳೆಲ್ಲ ‘ಇದು ನಮ್ಮ ಊರಿನ ಕೆರೆ, ಇದು ನಮ್ಮ ಊರಿನ ಗುಡಿ’ ಎಂಬಲ್ಲೇ ನಿಂತವು.

ಒಬ್ಬ ಹುಡುಗನಿದ್ದ. ಅವನ ಅಪ್ಪ ಅವ್ವ ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರು. ಅವನು ಬರೆದದ್ದನ್ನು ನಾನು ಕೆಂಪು ಪೆನ್ನಿನಿಂದ ತಿದ್ದಿದೆ. ‘ಗುಳೆ ಹೋಗ್ತಾರ’ ಎಂಬುದು ‘ಉದ್ಯೋಗಕ್ಕಾಗಿ ವಲಸೆ ಹೋಗುತ್ತಾರೆ’ ಎಂದಾಯಿತು. ಅವನು ಓದಿದ. ಸುದ್ದಿ ಓದಿದಂತಿತ್ತು. ಮತ್ತೆ ಓದಿಸಿದೆ, ಇನ್ನೂ ಸಪ್ಪೆ. ಕೊನೆಗೆ ಹಾಳೆ ಇಸಿದುಕೊಂಡು, ‘ನಿಮ್ಮ ಅಜ್ಜಿ ಮುಂದ ಹೆಂಗ ಹೇಳ್ತಿ ಹಂಗ ಹೇಳು’ ಎಂದೆ.

ಅವನು ಬೀಗದ ಕಥೆ ಹೇಳಿದ. ಹೊರಡುವ ದಿನ ಅವ್ವ ಮನೆಗೆ ಬೀಗ ಹಾಕಿ ಕೀಲಿಯನ್ನು ಅವನ ಉಡದಾರಕ್ಕೆ ಕಟ್ಟುತ್ತಾಳೆ. ಅವನು ಊರ ಇನ್ನೊಂದು ತುದಿಯಲ್ಲಿ ಅಜ್ಜಿಯ ಮನೆಯಲ್ಲಿರುತ್ತಾನೆ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಆ ಮನೆಗೆ ಹೋಗುತ್ತಾನೆ. ‘ತೆಗೀಲಿಕ್ಕಲ್ರಿ ಸರ್, ಬೀಗ ಮುಟ್ಟಿ ಬರಾಕ ಹೋಗ್ತೀನಿ’ ಎಂದ. ಎರಡು ನಿಮಿಷ ಹತ್ತು ಸೆಕೆಂಡು. ಚಿತ್ರ ಒಂದೇ ಸಾಕಾಯಿತು, ಬಾಗಿಲಿನ ಬೀಗ.

ವಲಸೆಯ ಪಾಠವನ್ನು ನಾನು ಅದೆಷ್ಟೋ ಸಲ ಮಾಡಿದ್ದೆ. ಆ ಎರಡು ನಿಮಿಷದ ಮುಂದೆ ನನ್ನ ಪಾಠ ಏನೂ ಅಲ್ಲವೆನಿಸಿತು. ಆ ಸಂತೋಷದಲ್ಲೇ ತಪ್ಪು ಮಾಡಿದೆ. ಯಾರನ್ನೂ ಕೇಳದೆ ಅದನ್ನು ಪರಿಚಯದ ಶಿಕ್ಷಕರ ಫೋನುಗಳಿಗೆ ಕಳಿಸಿದೆ. ಅವರು ಮುಂದಕ್ಕೆ ಕಳಿಸಿದರು. ಮೂರನೆಯ ದಿನ ಹುಡುಗನ ಅಪ್ಪನ ಫೋನು, ಬೆಂಗಳೂರಿನಿಂದ. ‘ಮಗ ಛಲೋ ಹೇಳ್ಯಾನ್ರಿ ಸರ್. ಆದ್ರ ಮನಿಗಿ ಬೀಗ ಅದ ಅಂತ ಊರೂರಿಗೆ ಗೊತ್ತಾತಲ್ರಿ.’

ಅವರು ಜೋರು ಮಾಡಲಿಲ್ಲ. ನಾನು ಆ ರಾತ್ರಿ ಮಲಗಲಿಲ್ಲ. ಕಳಿಸಿದವರಿಗೆಲ್ಲ ಒಬ್ಬೊಬ್ಬರಿಗೆ ಫೋನು ಮಾಡಿ ಅಳಿಸಿ ಎಂದು ಬೇಡಿಕೊಂಡೆ. ಎಷ್ಟು ಕಡೆ ಅಳಿಯಿತೋ ದೇವರಿಗೇ ಗೊತ್ತು. ಹುಡುಗನ ಅಜ್ಜಿ ತಾನೇ ಹೋಗಿ ಆ ಮನೆಯಲ್ಲಿ ಮಲಗತೊಡಗಿದಳು, ಯುಗಾದಿಗೆ ಅವನ ಅಪ್ಪ ಅವ್ವ ಬರುವವರೆಗೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನು ಬರುವ ಮೊದಲೇ ನನಗೆ ತಿಳಿಯಬೇಕಿತ್ತು. ಮಗು ನನ್ನನ್ನು ನಂಬಿ, ಅಕ್ಕಿ ಮೂಟೆಗಳ ನಡುವೆ ಕೂತು ಹೇಳಿದ ಮಾತು ಅದು. ಅದು ನನ್ನ ಸಾಧನೆಯ ಮಾದರಿಯಾಗುವ ವಸ್ತು ಅಲ್ಲ. ಇಂದು ನವೀನ ಬೋಧನೆ ಎಂಬ ಹೆಸರಿನಲ್ಲಿ ಮಕ್ಕಳ ಮುಖ, ಅಳು, ಬಡತನ ಎಲ್ಲವೂ ಫೋನಿಂದ ಫೋನಿಗೆ ಹರಿಯುತ್ತಿವೆ. ಮಾಡುವವರು ಪ್ರೀತಿಯಿಂದಲೇ ಮಾಡುತ್ತಾರೆ. ನಾನೂ ಪ್ರೀತಿಯಿಂದಲೇ ಮಾಡಿದ್ದೆ.

ಆಮೇಲೆ ನಾವು ಏಳೆಂಟು ಮಂದಿ ಶಿಕ್ಷಕರು ಕೂಡಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಮಕ್ಕಳ ಕಥೆ ತರಗತಿಯಲ್ಲಿ ಕೇಳಿಸುತ್ತೇವೆ, ಮನೆಯವರನ್ನು ಕರೆದು ಕೇಳಿಸುತ್ತೇವೆ, ಪೆನ್ ಡ್ರೈವಿನಲ್ಲಿ ಅವರ ಕೈಗೆ ಕೊಡುತ್ತೇವೆ. ನಮ್ಮ ನಮ್ಮಲ್ಲಿ ಓಡಾಡುವುದು ಒಂದು ಹಾಳೆ ಮಾತ್ರ: ಏನು ಮಾಡಲು ಹೊರಟೆವು, ಎಷ್ಟು ಪಿರಿಯಡ್ಡು ಹಿಡಿಯಿತು, ಎಲ್ಲಿ ಕೆಟ್ಟಿತು, ಮಕ್ಕಳು ಏನು ಕೇಳಿದರು. ಅಕ್ಕಿ ಮೂಟೆಯ ಉಪಾಯ ಆ ಹಾಳೆಯಲ್ಲೇ ನಾಲ್ಕು ಶಾಲೆಗೆ ಹೋಗಿದೆ. ಕೆಂಪು ಪೆನ್ನು ಕೆಳಗಿಡಿ ಎಂಬ ಸಾಲೂ ಹೋಗಿದೆ. ತಾಂಡಾದ ಮಕ್ಕಳಿರುವ ಶಾಲೆಯ ಶಿಕ್ಷಕಿಯೊಬ್ಬರು ಅದನ್ನು ಓದಿ, ಲಂಬಾಣಿಯಲ್ಲೇ ಕಥೆ ಹೇಳಲು ಬಿಟ್ಟರು. ತನಗೆ ಅರ್ಥವಾಗದ ಕಥೆಯನ್ನು ಮಕ್ಕಳಿಂದಲೇ ಕನ್ನಡಕ್ಕೆ ಹೇಳಿಸಿಕೊಂಡು, ‘ಇವತ್ತು ಅವರು ಟೀಚರ್, ನಾನು ವಿದ್ಯಾರ್ಥಿನಿ ಆಗಿದ್ದೆ’ ಎಂದು ಹಾಳೆಯ ಕೆಳಗೆ ಬರೆದಿದ್ದಾರೆ.

ಬೀಗದ ಕಥೆಯನ್ನು ಇಲ್ಲಿ ಹೇಳಲು ಆ ಅಪ್ಪನನ್ನೂ ಮಗನನ್ನೂ ಕೇಳಿದೆ. ಊರ ಹೆಸರು ಬೇಡ, ದನಿ ಬೇಡ, ಕಥೆ ಹೇಳ್ರಿ ಎಂದರು. ಅಷ್ಟನ್ನೇ ಹೇಳಿದ್ದೇನೆ.

ಚಹಾ ತಯಾರಾಗಿದೆ ಎನ್ನುತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಅಕ್ಕಿ ಮೂಟೆ ಸಿಗಲಿಲ್ಲ, ಕಿಟಕಿ ಗೋಡೆಗಳಿಗೆಲ್ಲ ಜಮಖಾನೆ ಇಳಿಬಿಟ್ಟಿದ್ದೇವೆ. ಎರಡು ಫೋನಿವೆ. ಬಂದಿರುವ ಶಿಕ್ಷಕರು ಚಹಾ ಕುಡಿದು ಒಬ್ಬೊಬ್ಬರಾಗಿ ಒಳಗೆ ಬನ್ನಿ, ನಿಮ್ಮ ಮನೆಯ ಮಾತಿನಲ್ಲಿ ಎರಡು ನಿಮಿಷ ನಿಮ್ಮದೇ ಕಥೆ ಹೇಳಿ. ಹೋಗುವಾಗ ಅದನ್ನು ನಿಮ್ಮ ಎದುರಿಗೇ ನಿಮ್ಮ ಫೋನಿಗೆ ಹಾಕಿಕೊಟ್ಟು, ನಮ್ಮದರಿಂದ ಅಳಿಸಿಬಿಡುತ್ತೇವೆ.