ಧಾರಾವಾಹಿ ಏಟು, ಮನೆ ಏಟು

ಧಾರಾವಾಹಿಯಲ್ಲಿ ತಾಯಿ ಮಗನ ಕೆನ್ನೆಗೆ ಬಾರಿಸಿದ್ರೆ ಅದನ್ನೇ ಮೂರು ಸಲ ತೋರಿಸ್ತಾರೆ, ಗುಡುಗಿನ ಸದ್ದು ಬೇರೆ! ಮಾರನೇ ದಿನದ ಕಂತಿನಲ್ಲಿ ಮಗ ಕಾಲಿಗೆ ಬಿದ್ದಿರ್ತಾನೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡೋ ಕಾಲಕ್ಕೆ ನಾವು ರಾತ್ರಿಯೆಲ್ಲ ಬ್ಯಾರನ್ ಬೆಂಕಿ ಕಾಯ್ತೀವಿ. ಮಕ್ಕಳು ಅಜ್ಜಿ ಜೊತೆ ಟಿವಿ ಮುಂದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯೋದನ್ನ ನಿಷೇಧಿಸಿದೆ. ಆದ್ರೂ ‘ನಾಲ್ಕು ಬಿಗೀರಿ ಮೇಷ್ಟ್ರೇ’ ಅಂತ ನಾವೇ ಹೇಳಿ ಬರ್ತೀವಿ.

ಹೋದ ವರ್ಷ ನಿದ್ದೆಗೆಟ್ಟು ಮನೆಗೆ ಬಂದವನು, ಹೋಂವರ್ಕ್ ಮಾಡಿಲ್ಲ ಅಂತ ಮಗನಿಗೆ ಒಂದೇಟು ಕೊಟ್ಟೆ. ಕಾಲಿಗೇನೂ ಬೀಳಲಿಲ್ಲ ಅವನು, ಎರಡು ದಿನ ಮಾತು ಬಿಟ್ಟ. ಮೂರನೇ ರಾತ್ರಿ ಬ್ಯಾರನ್ ಹತ್ರ ಜೊತೆಗೆ ಕೂರಿಸಿಕೊಂಡೆ. ಸುಮಾರು ಹೊತ್ತಾದ ಮೇಲೆ ಅಂದ: ‘ಭಾಗಾಕಾರ ನಂಗೆ ಬರಲ್ಲ ಕಣಪ್ಪ.’