ಹುಣಸೆ ಬೀಜದ ಲೆಕ್ಕ ಕೇಳೋಣ

(ಕೊಟ್ಟೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಕೊಟ್ಟೂರೇಶ್ವರನ ತೇರು ಮುಗಿದು ಯುಗಾದಿ ಹತ್ತಿರ ಬಂತೆಂದರೆ ನಮ್ಮ ಕಡೆ ಹುಣಸೆಹಣ್ಣಿನ ಕೆಲಸ. ಅಂಗಳದಲ್ಲಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುವವರು ಹೆಣ್ಣುಮಕ್ಕಳು. ಹಣ್ಣಿನ ರೇಟು ಎಷ್ಟೆಂದು ಎಲ್ಲರೂ ಕೇಳುತ್ತೇವೆ. ಬೀಜ ಎಲ್ಲಿಗೆ ಹೋಯಿತು ಅಂತ ಯಾರಾದರೂ ಕೇಳಿದ್ದೀರಾ?

100 ಕಿಲೋ ಹುಣಸೆಕಾಯಿಯಲ್ಲಿ ತಿರುಳು ಸುಮಾರು 55 ಕಿಲೋ. ಬೀಜವೇ ಸುಮಾರು 34 ಕಿಲೋ. ಉಳಿದದ್ದು ಸಿಪ್ಪೆ, ನಾರು. ಅಂದರೆ ಮೂರರಲ್ಲಿ ಒಂದು ಪಾಲನ್ನು ನಾವು ಕಸವೆಂದು ತಿಳಿದಿದ್ದೇವೆ.

ಅದು ಕಸವಲ್ಲ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕಂಬಳಿ ನೇಯುವವರು ನೂಲು ಗಟ್ಟಿಯಾಗಲು ಹುಣಸೆ ಬೀಜದ ಗಂಜಿಯನ್ನೇ ಹಚ್ಚುತ್ತಾರೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆ ಮಾಡುವವರಿಗೂ ಇದೇ ಅಂಟು ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರ ಸುಮಾರಿಗೆ, ಹತ್ತಿ ಮಿಲ್ಲುಗಳು ಗಂಜಿಯ ಬದಲಿಗೆ ಈ ಬೀಜದ ಪುಡಿಯನ್ನು ಬಳಸಲು ಶುರುಮಾಡಿದವು. ಇಂದು ಬಟ್ಟೆಗೆ ಬಣ್ಣ ಅಚ್ಚು ಹಾಕಲು, ಸಾಸ್ ಗಟ್ಟಿಯಾಗಲು, ಒಣಗಿದ ಕಣ್ಣಿಗೆ ಹಾಕುವ ಕೆಲವು ಔಷಧಗಳಲ್ಲಿ ಕೂಡ ಇದರ ಅಂಟು ಇರುತ್ತದೆ.

ಅಂಟನ್ನು ತೆಗೆಯುವುದು ಹೇಗೆ? ಬೀಜವನ್ನು ಹುರಿದು ಕಂದು ಸಿಪ್ಪೆ ಬಿಡಿಸುತ್ತಾರೆ. ಈ ಸಿಪ್ಪೆಯಲ್ಲಿ ಒಗರು ಕೊಡುವ ಟ್ಯಾನಿನ್ ಇದೆ. ಅದು ಬಣ್ಣಕ್ಕೆ, ಚರ್ಮ ಹದ ಮಾಡಲು ಬರುತ್ತದೆ. ಒಳಗಿನ ಬಿಳಿ ಬೇಳೆಯನ್ನು ಪುಡಿ ಮಾಡಿ, ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಹಾಕಿ ಬೇಯಿಸುತ್ತಾರೆ. ರಾತ್ರಿಯಿಡೀ ಬಿಟ್ಟರೆ ಗಷ್ಟು ಕೆಳಗೆ ಕೂರುತ್ತದೆ. ಮೇಲಿನ ತಿಳಿಗೆ ಆಲ್ಕೋಹಾಲ್ ಸೇರಿಸಿದರೆ ಅಂಟು ನಾರಿನಂತೆ ಬೇರ್ಪಡುತ್ತದೆ. ಅದನ್ನು ಒಣಗಿಸಿ ಪುಡಿ ಮಾಡುತ್ತಾರೆ.

ಕೊನೆಯ ಕೆಲಸ ಕಾರ್ಖಾನೆಯದು. ಆಲ್ಕೋಹಾಲ್ ಬೆಂಕಿಗೆ ಹತ್ತುವ ವಸ್ತು, ಮನೆಯಲ್ಲಿ ಮಾಡಲು ಹೋಗಬೇಡಿ. ಬೀಜದ ಪುಡಿಯನ್ನು ಸಕ್ಕರೆ ಕಾಯಿಲೆಗೆ, ಮೊಣಕಾಲು ನೋವಿಗೆ ಮದ್ದು ಎಂದು ಯಾರಾದರೂ ಮಾರಲು ಬಂದರೆ ನಂಬಿ ದುಡ್ಡು ಕೊಡಬೇಡಿ. ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ.

ಹಾಗಾದರೆ ನಮ್ಮ ಕೈಲಿ ಏನಾಗುತ್ತದೆ? ಮೂರು ಕೆಲಸ ಆಗುತ್ತದೆ.

ಒಂದು, ಬೀಜವನ್ನು ಮಣ್ಣಿಗೆ ಹಾಕದೆ ತಾಡಪಾಲಿನ ಮೇಲೆ ಚೆನ್ನಾಗಿ ಒಣಗಿಸಿ. ಹುಳ ತಿಂದದ್ದು, ಬೂಸ್ಟು ಹಿಡಿದದ್ದು ಆರಿಸಿ ತೆಗೆಯಿರಿ.

ಎರಡು, ಕೂಲಿಗೆ ಹಣ್ಣು ತರುವಾಗಲೇ ಕೇಳಿ: “ಸಾವ್ಕಾರ್ರೇ, ಬೀಜ ಯಾರದು?” ನಿಮಗೆ ಬಿಟ್ಟರೆ ಅದನ್ನು ಕೂಲಿಯ ಲೆಕ್ಕದಲ್ಲಿ ಬರೆದಿಡಿ. ಅವರದೇ ಎಂದರೆ ಕೂಲಿ ಮಾತಾಡುವಾಗ ಅದೂ ನೆನಪಿರಲಿ.

ಮೂರು, ಒಬ್ಬೊಬ್ಬರೇ ನಾಲ್ಕು ಸೇರು ಮಾರಿದರೆ ಬೆಲೆ ಅವರು ಹೇಳಿದ್ದೇ. ಸಂಘದವರೆಲ್ಲ ಒಟ್ಟು ಮಾಡಿ, ತೂಕ ಮಾಡಿಸಿ, ಇಬ್ಬರು ಮೂವರು ವ್ಯಾಪಾರಸ್ಥರನ್ನು ಕೇಳಿ ಕೊಟ್ಟರೆ ಮಾತಿಗೆ ಬಲ ಬರುತ್ತದೆ.

ಬೀಜದಿಂದ ನಾಳೆಯೇ ಶ್ರೀಮಂತರಾಗುತ್ತೇವೆ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಕೈಯಿಂದ ಹೋಗುವ ವಸ್ತುವಿನ ಬೆಲೆ ನಮಗೆ ಗೊತ್ತಿರಬೇಕು. ಮುಂದಿನ ವಾರದ ಸಭೆಗೆ ಬರುವಾಗ ಒಂದೇ ಲೆಕ್ಕ ತನ್ನಿ: ಈ ಸಾರಿ ನಿಮ್ಮ ಅಂಗಳದಿಂದ ಎಷ್ಟು ಕಿಲೋ ಬೀಜ ಹೋಯಿತು? ಅಲ್ಲಿಂದ ಶುರು ಮಾಡೋಣ.