ಹಾರುವ ತಟ್ಟೆಯನ್ನು ಕಂಡವರು, ಕಂಡುದನ್ನು ಬರೆದವರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಿಗೆ ಕುಮಾರವ್ಯಾಸನನ್ನು ಬಿಟ್ಟು ಹಾರುವ ತಟ್ಟೆಗಳ ಗೊಡವೆ ಏತಕ್ಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಈ ವಿಷಯವನ್ನು ನಾವಾಗಿ ಹುಡುಕಿಕೊಂಡು ಹೋದುದಲ್ಲ. ಅದು ನಮ್ಮ ತರಗತಿಯೊಳಕ್ಕೆ ತಾನೇ ನಡೆದು ಬಂದಿತು.

2021ರ ದಶಂಬರದ ಒಂದು ಸಂಜೆ, ದೀಪ ಹಚ್ಚುವ ಹೊತ್ತು ಕಳೆದ ಮೇಲೆ, ನಮ್ಮ ಕರಾವಳಿಯ ಆಕಾಶದಲ್ಲಿ ಮಣಿಗಳನ್ನು ಪೋಣಿಸಿದಂತಹ ಬೆಳಕಿನ ಸಾಲೊಂದು ಸಾಗಿತು. ಮಂಗಳೂರು, ಉಡುಪಿಗಳ ಕಡೆಯಲ್ಲಿ ಅನೇಕರು ಅದನ್ನು ಕಂಡರು. ಬೆಳ್ಳೂರಿನ ಗುಡ್ಡೆಯಲ್ಲಿ ನಿಂತು ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನೂ ಕಂಡನು. "ಮಾಸ್ಟ್ರೇ, ಸದ್ದೇ ಇರಲಿಲ್ಲ, ಎಲ್ಲ ಒಂದೇ ವೇಗದಲ್ಲಿ ಹೋದವು, ಒಂದೇ ಜಾಗಕ್ಕೆ ಬಂದು ಒಂದೊಂದಾಗಿ ನಂದಿದವು" ಎಂದು ಮರುದಿನ ಅವನು ಹೇಳಿದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವೂ ನಕ್ಕೆವೆಂಬುದನ್ನು ಮುಚ್ಚಿಡಲಾರೆವು. ಮಧ್ಯಾಹ್ನದ ಗಂಟೆ ಬಾರಿಸುವುದರೊಳಗೆ ನಕ್ಕವರಲ್ಲಿಯೇ ನಾಲ್ವರು ತಾವೂ ಕಂಡೆವೆಂದರು. ಒಬ್ಬನ ಲೆಕ್ಕದಲ್ಲಿ ದೀಪಗಳು ಇಪ್ಪತ್ತು, ಇನ್ನೊಬ್ಬನ ಲೆಕ್ಕದಲ್ಲಿ ನೂರು. ಒಬ್ಬಳಿಗೆ ದುಂಬಿಯ ಝೇಂಕಾರದಂತಹ ಸದ್ದು ಕೇಳಿಸಿತ್ತು. ಮೂರನೆಯ ದಿನಕ್ಕೆ ಆ ಸಾಲು ಗುಡ್ಡೆಯ ಮೇಲೆ ಇಳಿದು, ಸ್ವಲ್ಪ ಹೊತ್ತು ವಿಶ್ರಮಿಸಿ, ಮೇಲೆದ್ದು ಹೋಗಿತ್ತು!

ನಿಜಸ್ಥಿತಿ ಪತ್ರಿಕೆಗಳಲ್ಲಿ ಬಂದಿತು. ಅವು ಅಮೆರಿಕದ ಕಂಪೆನಿಯೊಂದು ಅಂತರ್ಜಾಲದ ಸೌಕರ್ಯಕ್ಕಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು. ಹಾರಿಸಿದ ಹೊಸತರಲ್ಲಿ ಅವು ಒಂದರ ಹಿಂದೆ ಒಂದಾಗಿ ಚಲಿಸುತ್ತವೆ. ನಮಗೆ ಸೂರ್ಯನು ಮುಳುಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲಿರುವುದರಿಂದ ಹೊಳೆಯುತ್ತವೆ. ಭೂಮಿಯ ನೆರಳನ್ನು ಹೊಕ್ಕೊಡನೆ ಮಾಯವಾಗುತ್ತವೆ. ಒಂದೇ ಜಾಗದಲ್ಲಿ ಒಂದೊಂದಾಗಿ ನಂದಿದುವೆಂಬ ಮಾತಿಗೇ ನಾವೆಲ್ಲ ಹೆಚ್ಚು ನಕ್ಕಿದ್ದೆವು. ಅತ್ಯಂತ ನಿಜವಾದ ಮಾತು ಅದೇ ಆಗಿತ್ತು.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನೈಯಾಯಿಕರು ಪ್ರಮಾಣಗಳನ್ನು ನಾಲ್ಕಾಗಿ ಎಣಿಸಿದರು. ಆಕಾಶದಲ್ಲಿ ಏನನ್ನೋ ಕಂಡವನಿಗೆ ಅದು ಪ್ರತ್ಯಕ್ಷ. ಅವನಿಂದ ಕೇಳಿದ ನಮಗೆ ಅದು ಬರಿಯ ಶಬ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯು ಕಂಡವನಿಗೆ ಹೇಳಿದ್ದು. ಕೇಳುವವನು ಹೇಗೆ ಕೇಳಬೇಕು, ಬರೆದುಕೊಳ್ಳುವವನು ಹೇಗೆ ಬರೆದುಕೊಳ್ಳಬೇಕು ಎಂಬುದಕ್ಕೆ ಗಾದೆಯಿದ್ದಂತೆ ಕಾಣೆವು. ಹಾರುವ ತಟ್ಟೆಗಳ ಕಥೆಯಲ್ಲಿ ನಮ್ಮ ಆಸಕ್ತಿ ಇರುವುದು ಅಲ್ಲಿಯೇ.

ಆ ಕಥೆ ಮೊದಲಾದುದು 1947ನೆಯ ಇಸವಿಯ ಜೂನ್ 24ರಂದು. ಕೆನೆತ್ ಅರ್ನಾಲ್ಡ್ ಎಂಬ ಅಮೆರಿಕದ ವ್ಯಾಪಾರಿಯೊಬ್ಬನು ತನ್ನ ಸಣ್ಣ ವಿಮಾನವನ್ನು ತಾನೇ ನಡೆಸಿಕೊಂಡು ರೇನಿಯರ್ ಪರ್ವತದ ಬಳಿ ಹೋಗುತ್ತಿದ್ದಾಗ, ಹೊಳೆಯುವ ಒಂಬತ್ತು ವಸ್ತುಗಳು ಅತಿವೇಗದಿಂದ ಸಾಗುವುದನ್ನು ಕಂಡನು. ಪತ್ರಿಕೆಯವರು ಕೇಳಿದಾಗ ಅವುಗಳ ನಡೆಯನ್ನು ವರ್ಣಿಸಿದನು: ತಟ್ಟೆಯನ್ನು ನೀರಿನ ಮೇಲೆ ಓರೆಯಾಗಿ ಎಸೆದರೆ ಅದು ಹೇಗೆ ಕುಪ್ಪಳಿಸುತ್ತ ಹೋಗುವುದೋ ಹಾಗೆ, ಎಂದು. ನಮ್ಮ ಮಕ್ಕಳು ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಎಸೆದು ಆಡುವುದಿಲ್ಲವೇ, ಅದೇ ಉಪಮೆ. ತಟ್ಟೆಯೆಂಬ ಮಾತು ಅವನ ಮಟ್ಟಿಗೆ ಚಲನೆಗೆ ಕೊಟ್ಟ ಹೋಲಿಕೆ; ಆಕಾರವನ್ನು ಅವನು ಹೇಳಿದ್ದೇ ಬೇರೆ, ದುಂಡಗಿನದಲ್ಲ. ಪತ್ರಿಕೆಗಳು ಕ್ರಿಯೆಯ ಉಪಮೆಯನ್ನು ವಸ್ತುವಿಗೆ ಅಂಟಿಸಿ "ಹಾರುವ ತಟ್ಟೆ" ಎಂದು ಅಚ್ಚುಹಾಕಿದುವು. ಅದಾದ ಕೆಲವೇ ವಾರಗಳಲ್ಲಿ ಆ ದೇಶದ ಉದ್ದಗಲಕ್ಕೂ ನೂರಾರು ಜನ ದುಂಡಗಿನ ತಟ್ಟೆಗಳನ್ನೇ ಕಂಡರು! ವ್ಯಾಕರಣವನ್ನು ಬೋಧಿಸುವ ನಮಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕ್ರಿಯಾವಿಶೇಷಣವನ್ನು ನಾಮಪದವಾಗಿ ಓದಿದ ತಪ್ಪೊಂದು ಜಗತ್ತನ್ನೆಲ್ಲ ಸುತ್ತಿತು.

ಕಂಡವರು ಹೆಚ್ಚಿದಂತೆ ಸಂಗ್ರಹಿಸುವವರೂ ಹೆಚ್ಚಿದರು. ಅಮೆರಿಕದ ವಾಯುಸೇನೆಯು 1947ರಿಂದ 1969ರವರೆಗೆ 12,618 ವರದಿಗಳನ್ನು ಕೂಡಿಹಾಕಿತು. ಅವುಗಳಲ್ಲಿ 701ಕ್ಕೆ ಕಾರಣ ತಿಳಿಯಲಿಲ್ಲವೆಂದು ಬರೆದು ಕಡತವನ್ನು ಕಟ್ಟಿತು. ಖಾಸಗಿ ಸಂಘಗಳೂ ಹುಟ್ಟಿಕೊಂಡವು. ಈ ಉತ್ಸಾಹಿಗಳನ್ನು ಹುಚ್ಚರೆಂದು ತಳ್ಳಿಬಿಡಲು ನಮಗೆ ಮನಸ್ಸಿಲ್ಲ. ಸ್ವಂತ ಖರ್ಚಿನಲ್ಲಿ ಹಳ್ಳಿಹಳ್ಳಿಗೆ ಹೋಗಿ, ಯಾವ ದಿಕ್ಕು, ಎಷ್ಟು ಗಂಟೆ, ಗಾಳಿ ಎತ್ತಣದು ಎಂದು ಕೇಳಿ ಚಿತ್ರ ಬರೆಯಿಸಿಕೊಂಡ ಶ್ರಮಜೀವಿಗಳು ಅವರಲ್ಲಿದ್ದರು. ಆದರೆ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಪ್ರಶ್ನೆ ಕೇಳಿದವರೂ ಬಹಳ. "ಅದರ ಕಿಟಕಿಗಳು ಎಷ್ಟಿದ್ದವು?" ಎಂದು ಕೇಳಿದರೆ, ಕಿಟಕಿಯನ್ನೇ ಕಾಣದವನೂ ಎಣಿಸತೊಡಗುತ್ತಾನೆ. ಪರೀಕ್ಷಾ ಮೇಲ್ವಿಚಾರಣೆ ಮಾಡಿದವರಿಗೆಲ್ಲ ಈ ಮನುಷ್ಯಸ್ವಭಾವ ಗೊತ್ತು.

ವಾಯುಸೇನೆಗೆ ಸಲಹೆಗಾರನಾಗಿದ್ದ ಖಗೋಳವಿಜ್ಞಾನಿ ಅಲನ್ ಹೈನೆಕನ ಪಾಡನ್ನು ನೋಡಿರಿ. 1966ರ ಮಾರ್ಚಿಯಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ರಾತ್ರಿ ಕಂಡ ಬೆಳಕುಗಳಲ್ಲಿ ಕೆಲವು, ಜೌಗುನೆಲದಿಂದೆದ್ದ ಅನಿಲದ ಬೆಳಕಾಗಿರಬಹುದೆಂದು ಅವನು ಹೇಳಿದಾಗ ದೇಶವೆಲ್ಲ ಅವನನ್ನು ಗೇಲಿ ಮಾಡಿತು. ಬೆಳ್ಳೂರಿನಲ್ಲಿ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಗದ್ದೆಯಂಚಿನ ಕೊಳ್ಳಿದೆವ್ವವನ್ನು ಅರಿಯದ ಅಜ್ಜಿ ನಮ್ಮಲ್ಲಿ ಯಾರಿದ್ದಾರೆ? ನಮ್ಮ ಅಜ್ಜನವರು ಒಮ್ಮೆ ಕೊಳ್ಳಿದೆವ್ವವನ್ನು ಕಂಡು ಮೂರು ದಿನ ಜ್ವರದಲ್ಲಿ ಮಲಗಿದ್ದರು. ಬಯಲಾಟ ಮುಗಿಸಿಕೊಂಡು ತೆಂಗಿನ ಗರಿಯ ಸೂಟೆ ಬೀಸುತ್ತ ಗುಡ್ಡೆ ಇಳಿದ ನೆರೆಮನೆಯವರು ಆಮೇಲೆ ಬಂದು, "ಭಾವಾ, ಆ ರಾತ್ರಿ ನೀವೇಕೆ ನನ್ನನ್ನು ಕಂಡು ಓಡಿದ್ದು?" ಎಂದು ಕೇಳಿದರಂತೆ. ಇನ್ನು ಹೈನೆಕನು ಗೇಲಿಗೊಳಗಾದ ಮೇಲೆ ಸುಮ್ಮನಾಗಲಿಲ್ಲ. ಸಾಕ್ಷಿಗಳ ಮಾತನ್ನು ಹಗುರವಾಗಿ ತಳ್ಳಿದ್ದೇ ತಪ್ಪೆಂದು ಬಗೆದು, ವರದಿಗಳನ್ನು ಕ್ರಮವಾಗಿ ಅಭ್ಯಸಿಸಲು 1973ರಲ್ಲಿ ತಾನೇ ಒಂದು ಕೇಂದ್ರವನ್ನು ಸ್ಥಾಪಿಸಿದನು.

ನಮ್ಮ ದೇಶದಲ್ಲಿಯೂ ಇಂತಹುದು ನಡೆಯದಿರಲಿಲ್ಲ. 2012-13ರಲ್ಲಿ ಲಡಾಖಿನ ಗಡಿಯಲ್ಲಿ ಕಾವಲಿದ್ದ ಸೈನಿಕರು ರಾತ್ರಿಯ ಆಕಾಶದಲ್ಲಿ ಬೆಳಕಿನ ವಸ್ತುಗಳನ್ನು ಮತ್ತೆಮತ್ತೆ ಕಂಡು, ಚೀನದ ಬೇಹಿನ ಯಂತ್ರಗಳಿರಬೇಕೆಂದು ಶಂಕಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ನೋಡಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ಗುರುತಿಸಿದರು. ಸೈನಿಕರು ಕಾಲವನ್ನೂ ದಿಕ್ಕನ್ನೂ ಬರೆದಿಟ್ಟಿದ್ದರಿಂದಲೇ ಅಲ್ಲವೇ ಇಷ್ಟಾದರೂ ತಿಳಿದುದು?

ಪುಷ್ಪಕ ವಿಮಾನವಿದ್ದ ನಾಡಿನವರಿಗೆ ತಟ್ಟೆಯೇನು ಹೊಸತು ಎನ್ನುವವರೂ ಈ ಸಭೆಯಲ್ಲಿರಬಹುದು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ "ವೈಮಾನಿಕ ಶಾಸ್ತ್ರ"ವನ್ನು ವಿದೇಶದ ತಟ್ಟೆಪ್ರಿಯರೂ ಎತ್ತಿ ಹಿಡಿಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು 1974ರಲ್ಲಿ ಅದನ್ನು ಪರೀಕ್ಷಿಸಿ, ಅಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ, ಗ್ರಂಥವು 1904ಕ್ಕಿಂತ ಹಳೆಯದಲ್ಲವೆಂದೂ ತೀರ್ಮಾನಿಸಿದರು. ಅದರ ಸಂಸ್ಕೃತವೂ ಈಚಿನದೇ ಎಂದು ಅವರು ತೋರಿಸಿದರು. ಈ ಮಾತು ಇಷ್ಟಕ್ಕೇ ಸಾಕು.

ಸಭಿಕರೇ, ಆಕಾಶದಿಂದ ಬಂದುದರ ಮಾತು ಬೆಳ್ಳೂರಿನವರಿಗೆ ವಿನೋದದ ಮಾತಾಗಿ ಉಳಿದಿಲ್ಲ. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಸ್ಲೇಟುಗಳನ್ನು ಎಸೆದು ಅಂಗಳಕ್ಕೆ ಓಡುತ್ತಿದ್ದೆವು. ಗೇರು ತೋಟದ ಮೇಲೆ ಅದು ತಗ್ಗಿ ಹಾರುವಾಗ ಕೈಬೀಸಿ ಕೇಕೆ ಹಾಕುತ್ತಿದ್ದೆವು. ಅದರ ಹಿಂದೆ ಮಂಜಿನಂತಹ ಹನಿಗಳು ಇಳಿಯುತ್ತಿದ್ದುವು; ಅಂಗಿಗೆ ಅಂಟಿದ ವಾಸನೆ ಮರುದಿನವೂ ಹೋಗುತ್ತಿರಲಿಲ್ಲ. ಬಾವಿ ಮುಚ್ಚಿಕೊಳ್ಳಿರೆಂದು ಮುಂಚಿತವಾಗಿ ಸಾರುತ್ತಿದ್ದರು. ತಾಯಂದಿರು ಬಾವಿಗೆ ಸೋಗೆ ಹೊದೆಸುತ್ತಿದ್ದರು. ಗುಡ್ಡೆಯ ಹೊಟ್ಟೆಯಿಂದ ಹರಿದುಬರುವ ಸುರಂಗದ ನೀರಿಗೆ ಯಾವ ಸೋಗೆ ಹೊದೆಸುವುದು? ಅದು ಎಂಡೋಸಲ್ಫಾನ್ ಎಂಬ ಕೀಟನಾಶಕ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಈ ಸೀಮೆಯ ಗೇರು ತೋಟಗಳ ಮೇಲೆ ಅದನ್ನು ಆಕಾಶದಿಂದ ಎರಚಿದರು.

ಜೇನು ಸತ್ತುವು, ತೋಡಿನ ಮೀನು ಸತ್ತುವು, ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟಿದುವು ಎಂದು ಜನ ಹೇಳಿದರು. ಕೇಳಿದ ದೊಡ್ಡವರು ನಕ್ಕರು. ಮೂಢನಂಬಿಕೆಯೆಂದರು, ನಾಗದೋಷವೆಂದು ಸಮಾಧಾನ ಹೇಳಿದವರೂ ಉಂಟು. ನಮ್ಮ ಹಿರಿಯರು ಹೇಳಿದ್ದು ತುಳುವಿನಲ್ಲಿ, ಕನ್ನಡದಲ್ಲಿ, ಮರಾಟಿಯಲ್ಲಿ. ಕಚೇರಿಯ ಕಾಗದಗಳು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಕಂಡವನ ಮಾತು ಎರಡು ಸಲ ಭಾಷೆ ದಾಟುವಾಗ ಏನುಳಿಯುತ್ತದೆಂಬುದನ್ನು ಗಡಿನಾಡಿನವರಿಗೆ ಬೇರೆ ಹೇಳಬೇಕೆ? ಅರ್ನಾಲ್ಡನ ಮಾತು ಅವನದೇ ಭಾಷೆಯಲ್ಲಿ ಕೆಟ್ಟಿತು, ನಮ್ಮದರ ಗತಿಯೇನು!

ಆದರೆ ಇಲ್ಲಿ ಸರಿಯಾಗಿ ಕೇಳಿಸಿಕೊಂಡವರು ಇದ್ದರು. ನಮ್ಮ ನೆರೆಯ ಪಡ್ರೆಯ ಲೇಖಕ ಶ್ರೀಪಡ್ರೆಯವರು ಕರುಗಳ ಅಂಗವೈಕಲ್ಯದ ಬಗ್ಗೆ 1979ರಷ್ಟು ಹಿಂದೆಯೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರರು ತಮ್ಮಲ್ಲಿಗೆ ಬಂದ ರೋಗಿಗಳ ಮಾತನ್ನು ಅವರ ನುಡಿಯಲ್ಲಿಯೇ ಕೇಳಿ, ಯಾವ ಮನೆ, ಎಷ್ಟು ವಯಸ್ಸು, ಯಾವ ರೋಗ ಎಂದು ಗುರುತಿಸುತ್ತ ಹೋದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾಮಕ್ಕಳನ್ನು ವಿಷ ಎರಚದ ಊರಿನ ಮಕ್ಕಳೊಂದಿಗೆ ಹೋಲಿಸಿ ನೋಡಿ, ಇಲ್ಲಿ ತೊಂದರೆಗಳು ಹೆಚ್ಚೆಂದು 2002ರಲ್ಲಿ ವರದಿಯಿತ್ತರು. ಒಪ್ಪದ ಸಮಿತಿಗಳೂ ಬಂದುವು, ವಾದವೂ ನಡೆಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಆ ವಿಷವನ್ನು ತಡೆಯಿತು. ಮೊದಲು ಕರುವನ್ನು ಕಂಡ ದಿನದಿಂದ ಅಲ್ಲಿಗೆ ಮೂವತ್ತು ವರುಷ ಮೀರಿತ್ತು.

ಬೆಳಕಿನ ಸಾಲನ್ನು ಕಂಡ ಹುಡುಗನನ್ನು ನೋಡಿ ನಕ್ಕ ದಿನ ರಾತ್ರಿ ನಮಗೆ ಈ ಕರುಗಳು ನೆನಪಾದುವು. ವಾರದ ಮೇಲೆ ಇನ್ನೂರು ಪುಟದ ಒಂದು ನೋಟು ಪುಸ್ತಕವನ್ನು ಶಾಲೆಯ ವಾಚನಾಲಯದಲ್ಲಿಟ್ಟೆವು. ಕಂಡವರು ಕಂಡಂದೇ ಬರೆಯಬೇಕು. ದಿನಾಂಕ, ಹೊತ್ತು, ನಿಂತ ಜಾಗ, ನೋಡಿದ ದಿಕ್ಕು ಇರಬೇಕು. ಏನಿರಬಹುದೆಂಬ ಊಹೆಯನ್ನು ಎದುರಿನ ಪುಟದಲ್ಲಿ ಬೇರೆಯಾಗಿ ಬರೆಯಬೇಕು. ಮೊದಲ ಪುಟದಲ್ಲಿ ಆ ಹುಡುಗನೇ ತನ್ನ ಕೈಯಾರೆ ಬರೆದಿದ್ದಾನೆ, ಎರಡು ಕಾಗುಣಿತದ ತಪ್ಪುಗಳೊಂದಿಗೆ, ನಾವು ತಿದ್ದಿಲ್ಲ. ಆರನೆಯ ಪುಟದಲ್ಲಿ ಒಬ್ಬ ಹುಡುಗಿ ತನ್ನ ಅಜ್ಜಿಯ ಮಾತನ್ನು, ಹೆಲಿಕಾಪ್ಟರು ಬಂದ ವರುಷ ಜೇನುಪೆಟ್ಟಿಗೆ ಬರಿದಾದ ಸಂಗತಿಯನ್ನು, ಅಜ್ಜಿ ಹೇಳಿದ ತುಳುವಿನಲ್ಲಿಯೇ ಕನ್ನಡಲಿಪಿಯಲ್ಲಿ ಬರೆದುಕೊಂಡು ಬಂದಿದ್ದಾಳೆ. ಏಳನೆಯ ಪುಟದಿಂದ ಮುಂದೆ ಖಾಲಿಯಿದೆ. ತಾವು ಹಿರಿಯರು ಯಾವ ಶನಿವಾರ ಬಂದರೂ ವಾಚನಾಲಯ ತೆರೆದಿರುವುದು. ಲೇಖನಿಯನ್ನು ಮೇಜಿಗೆ ದಾರದಿಂದ ಕಟ್ಟಿಟ್ಟಿದ್ದೇವೆ.